ಪರಂಗಿ ಬೇರೆ, ಒತ್ತುವರಿ ಬೇರೆ

ಪಪ್ಪಾಯಿಗೆ ಕನ್ನಡದಲ್ಲಿ ಇನ್ನೊಂದು ಹೆಸರಿದೆ: ಪರಂಗಿ ಹಣ್ಣು. ಪರಂಗಿ ಅಂದರೆ ಫಿರಂಗಿ, ಹಡಗಿನಲ್ಲಿ ಬಂದ ಯುರೋಪಿನವನು. ಇಲ್ಲಿನ ಅಂಗಡಿಗಳಲ್ಲಿ ಚಾಯೋಟೆ ಅಂತ ಚೀಟಿ ಹಚ್ಚಿ ಮಾರುವ ತರಕಾರಿ ನಮಗೆ ಸೀಮೆಬದನೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಹುಣಸೆ, ಎಲ್ಲದರಲ್ಲೂ ಆ 'ಸೀಮೆ' ಹೇಳುವುದು ಒಂದೇ ಮಾತು: ಇದು ಇಲ್ಲಿಯದಲ್ಲ, ಆಚೆಯಿಂದ ಬಂತು. ಅಷ್ಟು ಹೇಳಿ ಸುಮ್ಮನಾಗುತ್ತೆ. ಪರಂಗಿ ಹಣ್ಣಿನ ಮೇಲೆ ಯಾರಿಗೂ ಸಿಟ್ಟಿಲ್ಲ. ಸೀಮೆಬದನೆ ಸಾಂಬಾರಿಗೆ ಬಿದ್ದಾಗ ಯಾರೂ ಅದರ ಪಾಸ್‌ಪೋರ್ಟ್ ಕೇಳಲ್ಲ.

ಈಗ ಪರಿಸರದ ಬಗ್ಗೆ ಕನ್ನಡದಲ್ಲಿ ನಾವು ಆಡುವ, ಬರೆಯುವ ಮಾತು ನೋಡಿ. ವಿದೇಶಿ ಸಸ್ಯಗಳ ಹಾವಳಿ, ಪರದೇಶಿ ಮೀನಿನ ಕಾಟ, ಅನ್ಯದೇಶದ ಕಳೆ. ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೀವಿ. ಒಂದು, ಆ ಜೀವಿ ಎಲ್ಲಿಂದ ಬಂತು ಅನ್ನೋದು. ಇನ್ನೊಂದು, ಬಂದ ಮೇಲೆ ಏನು ಮಾಡ್ತು ಅನ್ನೋದು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ನಾನ್-ನೇಟಿವ್ ಅಂತಾರೆ, ಎರಡನೆಯದಕ್ಕೆ ಇನ್ವೇಸಿವ್ ಅಂತಾರೆ. ಇಂಗ್ಲಿಷ್ ಆಡುವವರೂ ಇವೆರಡನ್ನು ಬೆರೆಸೋದು ಉಂಟು. ಆದರೆ ಕನ್ನಡದಲ್ಲಿ 'ಪರದೇಶಿ' ಅಂದರೆ ದಿಕ್ಕಿಲ್ಲದವನು ಅನ್ನೋ ಅರ್ಥವೂ ಇದೆ. ದೇಶ ಬಿಟ್ಟು ಬಂದ ನಮ್ಮಂಥವರ ಕಿವಿಗೆ ಆ ಪದ ಸ್ವಲ್ಪ ಜೋರಾಗಿಯೇ ಬೀಳುತ್ತೆ.

ನನ್ನ ತಕರಾರು ಇಷ್ಟು. ಈ ಎರಡು ಮಾತುಗಳನ್ನು ಒಂದು ಮಾಡಿದಾಗ ಕಾಡಿಗೂ ನಷ್ಟ, ಜನಕ್ಕೂ ನಷ್ಟ. ಹಾಗಂತ ಬೇಜಾರಾಗುತ್ತೆ ಅಂತ ಎರಡನೆಯ ಪದವನ್ನೇ ಕೈಬಿಟ್ಟರೆ, ಅದು ಇನ್ನೂ ದೊಡ್ಡ ನಷ್ಟ.

ಲಿಸ್ಲ್‌ನ ತೋಟದಲ್ಲಿ ಎರಡು ಮರ

ಲಿಸ್ಲ್ ಊರಿನಲ್ಲಿ ಮಾರ್ಟನ್ ಆರ್ಬೊರೇಟಂ ಇದೆ. ಉಪ್ಪಿನ ವ್ಯಾಪಾರದ ಜಾಯ್ ಮಾರ್ಟನ್ 1922ರಲ್ಲಿ ಶುರು ಮಾಡಿದ, ಈಗ ಸುಮಾರು 1,700 ಎಕರೆ ಇರುವ ಮರಗಳ ತೋಟ. ಶಿಕಾಗೋ ಸುತ್ತಮುತ್ತಲ ಕನ್ನಡದ ಮನೆಗಳವರು ಎಲೆ ಕೆಂಪಾಗೋದು ನೋಡೋಕೆ ಅಪ್ಪ-ಅಮ್ಮನನ್ನು ಕರಕೊಂಡು ಹೋಗುವ ಜಾಗ. ಅಲ್ಲಿ ಚೀನಾದ ಮರಗಳದ್ದೊಂದು ಭಾಗ, ಜಪಾನಿನದ್ದೊಂದು, ಕೊರಿಯಾದ್ದೊಂದು. ಆ ಮರಗಳೆಲ್ಲ ಇಲ್ಲಿಗೆ ಹೊರಗಿನವು, ಅಂದರೆ ನಾನ್-ನೇಟಿವ್. ಬೇಕೆಂದೇ ತಂದು, ಹೆಸರಿನ ಫಲಕ ಹಾಕಿ, ಜೋಪಾನ ಮಾಡಿದ್ದಾರೆ.

ಅದೇ ತೋಟದವರು ಇನ್ನೊಂದು ಹೊರಗಿನ ಗಿಡವನ್ನು ವರ್ಷವರ್ಷವೂ ಕಡಿಯುತ್ತಾರೆ. ಅದು ಬಕ್‌ಥಾರ್ನ್. ಇದರಲ್ಲಿ ವಿರೋಧ ಏನಾದರೂ ಇದೆಯಾ? ಚೀನಾದ ಗಿಂಕ್ಗೊ ಮರಕ್ಕೆ ಒಂದು ನ್ಯಾಯ, ಯುರೋಪಿನ ಬಕ್‌ಥಾರ್ನ್‌ಗೆ ಒಂದು ನ್ಯಾಯ?

ವಿರೋಧ ಇಲ್ಲ. ಗಿಂಕ್ಗೊ ನೆಟ್ಟಲ್ಲಿ ನಿಂತಿದೆ. ಶಿಕಾಗೋದ ಎಷ್ಟೋ ಬೀದಿಗಳಲ್ಲಿ ಅದು ಇದ್ದರೂ ಪಕ್ಕದ ಕಾಡಿಗೆ ನುಗ್ಗಿಲ್ಲ. ಬಕ್‌ಥಾರ್ನ್ ಕಥೆ ಬೇರೆ. 1800ರ ದಶಕಗಳಲ್ಲಿ ಯುರೋಪಿನಿಂದ ಬೇಲಿಗಿಡ ಅಂತ ತಂದರು. ಬೇಲಿಗೆ ಒಳ್ಳೆಯ ಗಿಡವೇ: ದಟ್ಟವಾಗಿ ಬೆಳೆಯುತ್ತೆ, ಮುಳ್ಳಿದೆ, ಚಳಿ ತಡೆಯುತ್ತೆ. ವಸಂತದಲ್ಲಿ ಇಲ್ಲಿನ ಮರಗಳಿಗಿಂತ ಮೊದಲು ಚಿಗುರುತ್ತೆ, ಅವು ಎಲೆ ಉದುರಿಸಿ ನಿಂತ ಮೇಲೂ ಹಸಿರಾಗಿಯೇ ಇರುತ್ತೆ. ಅಂದರೆ ಕೆಳಗಿನ ನೆಲಕ್ಕೆ ಬಿಸಿಲು ಸಿಗುವ ಎರಡೂ ಹೊತ್ತನ್ನು ಅದೇ ತಿಂದುಹಾಕುತ್ತೆ. ಓಕ್ ಮರದ ಸಸಿಗೆ, ಏಪ್ರಿಲ್‌ನಲ್ಲಿ ನೆಲದ ಮೇಲೆ ಬರಬೇಕಾದ ಟ್ರಿಲಿಯಂ ಹೂವಿಗೆ ಬೆಳಕಿಲ್ಲ. ಕಪ್ಪು ಹಣ್ಣು ಬಿಡುತ್ತೆ. ಅದು ಭೇದಿಗೆ ಕೊಡುವ ಔಷಧ, ಅದರ ಲ್ಯಾಟಿನ್ ಹೆಸರಿನಲ್ಲೇ ಆ ಮಾತಿದೆ. ಹಕ್ಕಿ ತಿಂದು ದೂರದೂರ ಬೀಜ ಬಿತ್ತುತ್ತೆ. ಕಡಿದರೆ ಬುಡದಿಂದ ನಾಲ್ಕಾಗಿ ಚಿಗುರುತ್ತೆ. 2020ರಲ್ಲಿ ಶಿಕಾಗೋ ಪ್ರದೇಶದ ಮರಗಣತಿ ಮಾಡಿದಾಗ ಎಲ್ಲಕ್ಕಿಂತ ಹೆಚ್ಚು ಸಿಕ್ಕ ಮರ ಇದೇ. ಇಡೀ ಪ್ರದೇಶದ ಮರಗಳಲ್ಲಿ ಸುಮಾರು ಮೂರಕ್ಕೊಂದು ಬಕ್‌ಥಾರ್ನ್!

ಕಾನೂನೂ ಇದೇ ಎರಡು ಹೆಜ್ಜೆ ಇಡುತ್ತೆ. ಅಧ್ಯಕ್ಷ ಕ್ಲಿಂಟನ್ 1999ರ ಫೆಬ್ರವರಿಯಲ್ಲಿ ಹೊರಡಿಸಿದ ಆದೇಶ ಇನ್ವೇಸಿವ್ ಅನ್ನೋದಕ್ಕೆ ಎರಡು ಷರತ್ತು ಹಾಕಿತು. ಆ ಪರಿಸರಕ್ಕೆ ಅದು ಹೊರಗಿನದಾಗಿರಬೇಕು, ಮತ್ತು ಪರಿಸರಕ್ಕೋ ಆರ್ಥಿಕತೆಗೋ ಜನರ ಆರೋಗ್ಯಕ್ಕೋ ಹಾನಿ ಮಾಡಬೇಕು, ಅಥವಾ ಮಾಡುವ ಸಂಭವ ಇರಬೇಕು. ಇಲಿನಾಯ್ ರಾಜ್ಯದ್ದು ಇನ್ನೂ ಹಳೆಯ ಕಾಯಿದೆ, 1987ರದ್ದು. ಉತ್ತರ ಅಮೆರಿಕದ್ದಲ್ಲದ ಗಿಡ ಅಂತ ಶುರು ಮಾಡಿ, ತಾನಾಗಿ ಹರಡಿ ಸಹಜ ಪರಿಸರವನ್ನು ಕೆಡಿಸಿದರೆ ಮಾತ್ರ ಅದಕ್ಕೆ ನಿರ್ಬಂಧ ಅನ್ನುತ್ತೆ. 2003ರಲ್ಲಿ ಬಕ್‌ಥಾರ್ನ್ ಆ ಪಟ್ಟಿಗೆ ಸೇರಿತು. ಈಗ ಪರವಾನಗಿ ಇಲ್ಲದೆ ಅದನ್ನು ಮಾರುವ ಹಾಗಿಲ್ಲ, ನೆಡುವ ಹಾಗಿಲ್ಲ. ಮೊದಲ ಷರತ್ತು ಒಂದೇ ಸಾಕಾಗಿದ್ದರೆ ಇಲಿನಾಯ್ ತನ್ನ ಹೊಲಗಳನ್ನೆಲ್ಲ ಉಳಬೇಕಿತ್ತು. ಈ ರಾಜ್ಯದ ದುಡ್ಡಿನ ಬೆಳೆ ಸೋಯಾ ಅವರೆ, ಅದರ ತವರು ಚೀನಾದ ಕಡೆ.

ತೊಂಡೆಕಾಯಿಯ ಮೂರು ಬಾಳು

ಇಷ್ಟು ಹೇಳಿದರೆ ಹಲವರು ತಲೆದೂಗಿ, "ಸರಿ, ಹಾಗಾದ್ರೆ ಒಳ್ಳೆ ಗಿಡ, ಕೆಟ್ಟ ಗಿಡ ಅಂತ ಎರಡು ಪಟ್ಟಿ ಮಾಡೋಣ" ಅಂತಾರೆ. ಅಲ್ಲೇ ಎಡವೋದು. ಅದಕ್ಕೆ ನಮ್ಮ ಅಡುಗೆಮನೆಯಿಂದಲೇ ಒಂದು ಸಾಕ್ಷಿ ಕರೀತೀನಿ.

ತೊಂಡೆಕಾಯಿ ಕರ್ನಾಟಕದ್ದೇ ಬಳ್ಳಿ. ಹಿತ್ತಲ ಚಪ್ಪರದಲ್ಲೂ ಇದೆ, ಊರಾಚೆ ಬೇಲಿಯ ಮೇಲೆ ತಾನಾಗಿಯೂ ಇದೆ. ಅಲ್ಲಿ ಅದನ್ನು ತಿನ್ನುವ ಹುಳ, ಹಣ್ಣಿಗೆ ಕಾದ ಹಕ್ಕಿ, ಕೀಳುವ ಕೈ ಎಲ್ಲವೂ ಇವೆ. ಯಾರಿಗೂ ಅದರ ಕಾಟ ಇಲ್ಲ.

ಅದೇ ಬಳ್ಳಿಯನ್ನು ಶಿಕಾಗೋ ಸುತ್ತ ಒಂದಿಷ್ಟು ಮನೆಯವರು ಕುಂಡದಲ್ಲಿ ಬೆಳೆಸ್ತಾರೆ. ಮೇ ಕೊನೆಗೆ ಹೊರಗೆ ಇಟ್ಟರೆ ಬೇಸಿಗೆಯಲ್ಲಿ ನಾಲ್ಕು ಸಲ ಪಲ್ಯಕ್ಕಾಗುವಷ್ಟು ಕಾಯಿ. ಅಕ್ಟೋಬರ್‌ನ ಹಿಮ ಬಿದ್ದರೆ ಕಥೆ ಮುಗೀತು. ಇಲ್ಲಿ ಅದು ನೂರಕ್ಕೆ ನೂರು ಹೊರಗಿನದು, ಆದರೆ ಇನ್ವೇಸಿವ್ ಆಗೋ ಮಾತೇ ಇಲ್ಲ. ಚಳಿಯೇ ಅದಕ್ಕೆ ಕಾವಲು.

ಈಗ ಹವಾಯಿಗೆ ಬನ್ನಿ. ಅಲ್ಲಿ ಅದೇ ತೊಂಡೆ ರಾಜ್ಯ ಸರ್ಕಾರದ ಪೀಡೆಕಳೆಗಳ ಪಟ್ಟಿಯಲ್ಲಿದೆ. ತರಕಾರಿಗೆ ಅಂತ ಜನ ನೆಟ್ಟದ್ದು, ಚಳಿಗಾಲ ಅನ್ನೋದೇ ಇಲ್ಲದ ಊರಲ್ಲಿ ಮರದ ತಲೆ ಹತ್ತಿ, ಹೊದಿಕೆ ಹೊದಿಸಿದ ಹಾಗೆ ಮುಚ್ಚಿ, ಬಿಸಿಲಿಲ್ಲದೆ ಮರ ಸೊರಗೋ ಹಾಗೆ ಮಾಡ್ತು. ಗುವಾಮ್ ದ್ವೀಪದಲ್ಲೂ ಹಾಗೇ. ಅದನ್ನು ತಿನ್ನೋಕೆ ಆಫ್ರಿಕಾದಿಂದ ಕೀಟಗಳನ್ನು ಹುಡುಕಿ ತಂದು ಬಿಡಬೇಕಾಯಿತು.

ಗಿಡ ಒಂದೇ. ಮೂರು ಊರು, ಮೂರು ಹೆಸರು: ಇಲ್ಲಿಯದು, ಹೊರಗಿನದು, ಹೊರಗಿನ ಪೀಡೆ. ಆದ್ದರಿಂದ ಇನ್ವೇಸಿವ್ ಅನ್ನೋದು ಗಿಡದ ಹುಟ್ಟುಗುಣ ಅಂದರೆ ತಪ್ಪಾಗುತ್ತೆ. ಒಂದು ಗಿಡಕ್ಕೂ ಒಂದು ಜಾಗಕ್ಕೂ ನಡುವೆ ಏನಾಯಿತು ಅನ್ನೋದರ ಹೆಸರು ಅದು. "ತೊಂಡೆ ಇನ್ವೇಸಿವ್ ಹೌದೋ ಅಲ್ವೋ?" ಅಂತ ಯಾರಾದರೂ ಕೇಳಿದರೆ, "ಎಲ್ಲಿ?" ಅಂತ ತಿರುಗಿ ಕೇಳಬೇಕು. ಆ 'ಎಲ್ಲಿ' ಬಿಟ್ಟುಹೋದ ಪಟ್ಟಿಗಳೆಲ್ಲ ಅರ್ಧ ಸುಳ್ಳು.

ಹೆಸರು ಮಾಡುವ ಮೋಸ

ಹೆಸರು ಎರಡು ಥರ ದಾರಿ ತಪ್ಪಿಸುತ್ತೆ. ಒಂದು, ಹೊರಗಿನದನ್ನು ಒಳಗಿನದು ಮಾಡಿಬಿಡುತ್ತೆ. ಕನ್ನಡದಲ್ಲಿ ಇದಕ್ಕೆ ಎರಡು ಚಂದದ ಉದಾಹರಣೆ ಇವೆ. ಯೂಕಲಿಪ್ಟಸ್ ಆಸ್ಟ್ರೇಲಿಯಾದ ಮರ, ನಾವು ಅದಕ್ಕೆ ನೀಲಗಿರಿ ಅಂದ್ವಿ. ಊಟಿಯ ಬೆಟ್ಟದಲ್ಲೇ ಹುಟ್ಟಿದ ಹಾಗೆ. ಪ್ರೊಸೊಪಿಸ್ ಜೂಲಿಫ್ಲೋರಾ ಅನ್ನೋ ಮುಳ್ಳುಗಿಡ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯದು, ನಮಗೆ ಅದು ಬಳ್ಳಾರಿ ಜಾಲಿ. ಕೆರೆ ಅಂಗಳ, ಹಳ್ಳದ ದಂಡೆ, ಗೋಮಾಳ ಎಲ್ಲ ತುಂಬಿಕೊಂಡು, ನಿಜವಾದ ನಮ್ಮ ಕರಿಜಾಲಿಯನ್ನು ಬದಿಗೆ ತಳ್ಳಿದ ಗಿಡ. ಹೆಸರು ಕೇಳಿದರೆ ಪಾಪ, ಬಳ್ಳಾರಿಯ ಬಡ ಮಗು ಅನಿಸುತ್ತೆ. ಸೌದೆಗೆ, ಇದ್ದಿಲಿಗೆ ಅದನ್ನೇ ನಂಬಿದ ಬಡವರೂ ಇದ್ದಾರೆ ಅನ್ನೋದನ್ನೂ ಮರೀಬಾರದು.

ಇವೆರಡೂ ಒಂದೇ ಜಾತಿಯ ತೊಂದರೆ ಅಲ್ಲ ಅನ್ನೋದನ್ನು ಗಮನಿಸಿ. ಬಳ್ಳಾರಿ ಜಾಲಿ ತಾನೇ ಹಬ್ಬುತ್ತೆ, ಕುರಿ-ದನ ಕಾಯಿ ತಿಂದು ಬೀಜ ಹೊತ್ತು ಹೋಗುತ್ತವೆ. ನೀಲಗಿರಿ ಕರ್ನಾಟಕದಲ್ಲಿ ಹಬ್ಬಿದ್ದು ಹೆಚ್ಚಾಗಿ ಮನುಷ್ಯರ ಕೈಯಿಂದ, ಸಾಲುಸಾಲಾಗಿ, ಸರ್ಕಾರದ ಯೋಜನೆಯಾಗಿ. ಧಾರವಾಡ ಜಿಲ್ಲೆಯಲ್ಲಿ ಆಗ ಸೇರಿದ್ದ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಮರಗಳ ಸಸಿ ಹಚ್ಚಿದರು. ಅವರ ಜಗಳ ಆಸ್ಟ್ರೇಲಿಯಾದ ಜೊತೆ ಇರಲಿಲ್ಲ. ಊರಿನ ಸಾಮೂಹಿಕ ಜಮೀನನ್ನು ಕಾರ್ಖಾನೆಯ ತಿರುಳಿಗೆ ಕೊಟ್ಟವರ ಜೊತೆ ಇತ್ತು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿತು. ಅದನ್ನು 'ವಿದೇಶಿ ಮರದ ನಿಷೇಧ' ಅಂತ ಓದಿದರೆ ಕುಸನೂರಿನ ಮಾತೇ ಕಳೆದುಹೋಗುತ್ತೆ.

ಹೆಸರಿನ ಎರಡನೆಯ ಮೋಸ ಇದಕ್ಕೆ ತದ್ವಿರುದ್ಧ: ಮಾಡಿದ ಹಾನಿಯನ್ನು ಬಿಟ್ಟು ವಿಳಾಸವನ್ನು ಹಿಡಿಯೋದು. ಇದರ ಉದಾಹರಣೆ ಲಿಸ್ಲ್‌ನಿಂದ ಅರ್ಧ ಗಂಟೆಯೊಳಗೆ ಸಿಗುತ್ತೆ. ರೋಮಿಯೋವಿಲ್ ಹತ್ತಿರ ಶಿಕಾಗೋ ಕಾಲುವೆಯ ನೀರಿನಲ್ಲಿ ವಿದ್ಯುತ್ ತಡೆ ಹಾಕಿದ್ದಾರೆ, 2002ರಿಂದ. ಇಲಿನಾಯ್ ನದಿಯಲ್ಲಿ ತುಂಬಿರುವ ಕಾರ್ಪ್ ಮೀನು ಮಿಶಿಗನ್ ಸರೋವರಕ್ಕೆ ಹೋಗದಿರಲಿ ಅಂತ. 1970ರ ದಶಕದಲ್ಲಿ ಮೀನಿನ ಹೊಂಡ ಶುಚಿ ಮಾಡೋಕೆ ಅಮೆರಿಕದವರೇ ತರಿಸಿದ ಮೀನು. ತಪ್ಪಿಸಿಕೊಂಡು ಮಿಸಿಸಿಪ್ಪಿ ಹಿಡಿದು ಮೇಲೆ ಬಂತು. ಅದರ ಹೆಸರು ಬಹಳ ಕಾಲ 'ಏಷ್ಯನ್ ಕಾರ್ಪ್'. ಏಷ್ಯದಲ್ಲಿ ನೂರಾರು ಜಾತಿಯ ಕಾರ್ಪ್ ಇವೆ, ನಮ್ಮ ರೋಹು, ಕಾಟ್ಲಾ ಕೂಡ ಅದೇ ಬಳಗ. ಹಾಗಾಗಿ ಆ ಹೆಸರಿನಿಂದ ಯಾವ ಮೀನು ಅಂತಲೂ ಗೊತ್ತಾಗಲ್ಲ, ಏನು ಹಾನಿ ಅಂತಲೂ ಗೊತ್ತಾಗಲ್ಲ. ಮಿನ್ನೆಸೋಟಾ 2014ರಲ್ಲಿ 'ಇನ್ವೇಸಿವ್ ಕಾರ್ಪ್' ಅಂತ ಬದಲಿಸಿತು. ಇಲಿನಾಯ್ 2022ರಲ್ಲಿ ತಿನ್ನೋ ಮೀನಾಗಿ ಮಾರೋಕೆ 'ಕೋಪಿ' ಅಂತ ಹೊಸ ಹೆಸರಿಟ್ಟಿತು.

ಇದನ್ನು ನಾಜೂಕು ಜನರ ಪದಶುದ್ಧಿ ಅಂತ ನಕ್ಕವರಿದ್ದಾರೆ. ನನಗೆ ಹಾಗನಿಸಲ್ಲ. ಹಳೆಯ ಹೆಸರು ಎಲ್ಲಿಂದ ಅಂತ ಹೇಳುತ್ತಿತ್ತು, ಹೊಸ ಹೆಸರು ಏನು ಮಾಡ್ತಿದೆ ಅಂತ ಹೇಳುತ್ತೆ. ವಿಜ್ಞಾನದ ಲೆಕ್ಕದಲ್ಲೂ ಹೊಸದೇ ಹೆಚ್ಚು ನಿಖರ. ಡೆಟ್ರಾಯಿಟ್ ಕಡೆಯ ಓದುಗರಿಗೆ ಇನ್ನೊಂದು ನೆನಪಿರಬಹುದು. 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾಗಿ, ಆಮೇಲೆ ಇಲಿನಾಯ್ ಸೇರಿ ಎಲ್ಲ ಕಡೆ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದ ಹಸಿರು ಹುಳವೂ ಏಷ್ಯದಿಂದ ಬಂದದ್ದೇ. ಅದಕ್ಕೆ ಎಮರಾಲ್ಡ್ ಆಶ್ ಬೋರರ್ ಅಂತ ಹೆಸರಿಟ್ಟರು: ಬಣ್ಣ ಯಾವುದು, ಯಾವ ಮರ, ಏನು ಮಾಡುತ್ತೆ, ಮೂರೂ ಅದರಲ್ಲಿವೆ. ವಿಳಾಸ ಇಲ್ಲ ಅಂತ ಯಾರಿಗೂ ಅದರ ಮೇಲೆ ಎಚ್ಚರ ತಪ್ಪಲಿಲ್ಲ.

ಎರಡು ವಾದ, ಎರಡರ ಕೊರತೆ

ಈ ವಿಷಯದ ಮೇಲೆ ಎರಡು ದೊಡ್ಡ ವಾದಗಳಿವೆ. ಎರಡರಲ್ಲೂ ಸತ್ಯ ಇದೆ, ಎರಡರಲ್ಲೂ ಒಂದೊಂದು ತೂತು ಇದೆ.

ಮೊದಲನೆಯದು ಆಕ್ಸ್‌ಫರ್ಡಿನ ಚಾರ್ಲ್ಸ್ ಎಲ್ಟನ್ ಅವರದ್ದು. 1958ರಲ್ಲಿ ಬಂದ ಅವರ ಪುಸ್ತಕ ಈ ಶಾಸ್ತ್ರಕ್ಕೆ ಬುನಾದಿ. ಅದು ಹುಟ್ಟಿದ್ದು ಬಿಬಿಸಿ ರೇಡಿಯೋ ಭಾಷಣಗಳಿಂದ, ಕಿವಿಗೆ ಹೇಳಿದ ಮಾತು ಪುಸ್ತಕವಾದದ್ದು. ಎರಡನೆಯ ಮಹಾಯುದ್ಧ ನೋಡಿದ ಮನುಷ್ಯ, ಹಾಗಾಗಿ ಬಾಂಬು, ಸ್ಫೋಟ, ದಾಳಿಯ ಭಾಷೆಯಲ್ಲೇ ಶುರು ಮಾಡ್ತಾರೆ. ದೂರದ ಜೀವಿಗಳನ್ನು ಮನುಷ್ಯ ಖಂಡದಿಂದ ಖಂಡಕ್ಕೆ ಸಾಗಿಸ್ತಾ ಇದ್ದಾನೆ, ಇದರ ಬೆಲೆ ದೊಡ್ಡದು ಅಂತ ಅವರು ಹೇಳಿದ್ದು ನಿಜವಾಯಿತು. ಆದರೆ ದಾಳಿ ಅನ್ನೋ ಉಪಮೆ ಒಂದು ಮುಖ್ಯ ಸಂಗತಿಯನ್ನು ಮುಚ್ಚುತ್ತೆ. ದಾಳಿ ಮಾಡುವವನು ತಾನಾಗಿ ಬರ್ತಾನೆ. ಬಕ್‌ಥಾರ್ನ್ ಅಟ್ಲಾಂಟಿಕ್ ಈಜಲಿಲ್ಲ. ಅದನ್ನು ಕೊಂಡರು, ಹಡಗಿಗೆ ಹಾಕಿದರು, ನರ್ಸರಿಯಲ್ಲಿ ಮಾರಿದರು, ನೆಟ್ಟರು. ಮೇಲಾಗಿ ಯುದ್ಧದ ಭಾಷೆ ಎಲ್ಲಿಗೆ ಹೋಗಬಹುದು ಅನ್ನೋದಕ್ಕೆ ಅದಕ್ಕೂ ಮೊದಲಿನ ಒಂದು ಉದಾಹರಣೆ ಇದೆ. 1942ರಲ್ಲಿ ಜರ್ಮನಿಯ ಸಸ್ಯತಜ್ಞರ ಒಂದು ಗುಂಪು, ನಮ್ಮ ಗೌರಿಹೂವಿನ ಜಾತಿಗೆ ಸೇರಿದ ಮಧ್ಯ ಏಷ್ಯದ ಪುಟ್ಟ ಗಿಡವೊಂದರ ಮೇಲೆ ನಿರ್ನಾಮದ ಯುದ್ಧ ಸಾರಬೇಕು ಅಂತ ಕರೆ ಕೊಟ್ಟಿತು. ಆ ವರ್ಷ ಆ ದೇಶದಲ್ಲಿ ಅದೇ ಮಾತನ್ನು ಮನುಷ್ಯರ ಬಗ್ಗೆಯೂ ಆಡುತ್ತಿದ್ದರು.

ಎರಡನೆಯ ವಾದ 2011ರದ್ದು. ಮಿನ್ನೆಸೋಟಾದ ಮಾರ್ಕ್ ಡೇವಿಸ್ ಮತ್ತು ಇನ್ನೂ 18 ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಬರೆದರು: ಜೀವಿಯನ್ನು ಮೂಲದಿಂದ ಅಳೀಬೇಡಿ, ಅದು ಮಾಡೋ ಕೆಲಸದಿಂದ ಅಳೀರಿ. ಉತ್ತರ ಅಮೆರಿಕದ ಪೈನ್ ಕಾಡುಗಳನ್ನು ಒಣಗಿಸಿದ ದುಂಬಿ ಇಲ್ಲಿಯದೇ ಅಲ್ವಾ ಅಂತ ನೆನಪಿಸಿದರು. ಕೇಳೋಕೆ ಎಷ್ಟು ಹಿತ! ವಲಸೆ ಬಂದ ನಮಗೆ ಚಪ್ಪಾಳೆ ತಟ್ಟಬೇಕು ಅನಿಸುತ್ತೆ. ಅದಕ್ಕೆ ಡೇನಿಯಲ್ ಸಿಂಬರ್ಲಾಫ್ ಮುಂದಾಳತ್ವದಲ್ಲಿ 141 ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ ಆಕ್ಷೇಪಿಸಿದರು.

ಡೇವಿಸ್ ವಾದದ ತೂತು ಕಾಲದಲ್ಲಿದೆ. ಕೆಲಸ ನೋಡಿ ಅಳೀರಿ ಅಂದರೆ, ಕೆಲಸ ಕಾಣಿಸುವ ತನಕ ಕಾಯಿರಿ ಅಂತಾಗುತ್ತೆ. ಗಿಡಗಳು ಎಷ್ಟೋ ವರ್ಷ ಸಭ್ಯವಾಗಿರ್ತವೆ. ಶಿಕಾಗೋ ಉಪನಗರಗಳಲ್ಲಿ ಏಪ್ರಿಲ್‌ನಲ್ಲಿ ಬೆಳ್ಳಗೆ ಹೂಬಿಡುವ ಬ್ರಾಡ್‌ಫರ್ಡ್ ಪೇರ್ ಮರ ನೋಡಿದ್ದೀರಲ್ಲ? ಚೀನಾ ಮೂಲದ ಕ್ಯಾಲರಿ ಪೇರ್‌ನ ಈ ತಳಿಯನ್ನು 1963ರಲ್ಲಿ ಕೃಷಿ ಇಲಾಖೆಯೇ ಬಿಡುಗಡೆ ಮಾಡ್ತು. ಒಂದೇ ತಳಿ ಇದ್ದಷ್ಟು ದಿನ ಅದಕ್ಕೆ ಕಾಯಿ ಕಟ್ಟುತ್ತಿರಲಿಲ್ಲ. ಆಮೇಲೆ ನರ್ಸರಿಗಳು ಅದರ ಬೇರೆ ತಳಿಗಳನ್ನೂ ಮಾರಿದವು, ಒಂದರ ಪರಾಗ ಇನ್ನೊಂದಕ್ಕೆ ಸಿಕ್ಕಿತು, ಹಕ್ಕಿಗಳು ಹಣ್ಣು ಹೊತ್ತವು, ಈಗ ಹೆದ್ದಾರಿ ಬದಿಯ ಪಾಳುಜಾಗಗಳೆಲ್ಲ ಬಿಳಿ. ಹಾನಿ ಕಂಡಾಗ ಕೈ ಮೀರಿತ್ತು.

ಹಾಗಾಗಿ ನನ್ನ ಲೆಕ್ಕ ಹೀಗೆ: ಎಲ್ಲಿಂದ ಬಂತು ಅನ್ನೋದು ಎಚ್ಚರಿಕೆಗೆ ಕಾರಣ, ಶಿಕ್ಷೆಗೆ ಕಾರಣ ಅಲ್ಲ. ಹೊರಗಿನಿಂದ ಬಂದ ಗಿಡ ತನ್ನ ಊರಿನ ಹುಳ, ರೋಗ, ಮೇಯುವ ಬಾಯಿಗಳನ್ನು ಹಿಂದೆ ಬಿಟ್ಟು ಬಂದಿರುತ್ತೆ. ಆ ಕಾರಣಕ್ಕೆ ಅದರ ಮೇಲೊಂದು ಕಣ್ಣಿಡಬೇಕು. ಬಂದವುಗಳಲ್ಲಿ ಹೆಚ್ಚಿನವು ಏನೂ ಮಾಡಲ್ಲ. ಗುಲ್‌ಮೊಹರ್ ಮಡಗಾಸ್ಕರ್‌ನದು, ಅದಿಲ್ಲದೆ ಬೆಂಗಳೂರಿನ ಏಪ್ರಿಲ್ ಇಲ್ಲ. ಮೆಣಸಿನಕಾಯಿ ಅಮೆರಿಕ ಖಂಡಗಳ ಕಡೆಯದು, ಬ್ಯಾಡಗಿಗೆ ಈಗ ಭೌಗೋಳಿಕ ಸೂಚಕದ ಮುದ್ರೆಯೇ ಇದೆ. ಕೆಲವು ಹೊರಗಿನವು ಕೆಲಸಕ್ಕೂ ಬರ್ತವೆ. ಕಾಂಗ್ರೆಸ್ ಗಿಡ ಅಂತ ನಾವು ಬೈಯುವ ಪಾರ್ಥೇನಿಯಂ ತಿನ್ನಲಿ ಅಂತ ಮೆಕ್ಸಿಕೊದ ಒಂದು ಪುಟ್ಟ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಹೊರಗಿನ ಕಳೆಗೆ ಹೊರಗಿನ ದುಂಬಿ! ಆದರೆ ಬಿಡೋ ಮೊದಲು ಅದು ಬೇರೆ ಬೆಳೆ ತಿನ್ನುತ್ತಾ ಅಂತ ಪರೀಕ್ಷೆ ಮಾಡಿದ್ದರು. ಆ ಪರೀಕ್ಷೆಯೇ ನಾನು ಹೇಳ್ತಿರೋ ಎಚ್ಚರಿಕೆ.

ಬಾಗಿಲು ತೆಗೆದವರು ಯಾರು?

ಎರಡೂ ವಾದಗಳು ಸರಿಯಾಗಿ ಮುಟ್ಟದ ಒಂದು ಸಂಗತಿ ಉಳಿದಿದೆ. ಬಕ್‌ಥಾರ್ನ್ ಹೇಗೆ ಅಷ್ಟು ಸುಲಭವಾಗಿ ಒಳಗೆ ಬಂತು?

ಇಲಿನಾಯ್‌ನ ಓಕ್ ತೋಪುಗಳೂ ಹುಲ್ಲುಗಾವಲೂ ಬೆಂಕಿಯ ಜೊತೆ ಬೆಳೆದವು. ಪೊಟವಾಟಮಿ ಮೊದಲಾದ ಇಲ್ಲಿನ ಮೂಲನಿವಾಸಿಗಳು ಆಗಾಗ ನೆಲಕ್ಕೆ ಬೆಂಕಿ ಕೊಡುತ್ತಿದ್ದರು. ಓಕ್‌ನ ದಪ್ಪ ತೊಗಟೆಗೆ ಅದು ತಾಗಲ್ಲ, ಪೊದೆಗಳು ಸುಡುತ್ತವೆ, ನೆಲಕ್ಕೆ ಬೆಳಕು ಬರುತ್ತೆ. ಆ ಜನರನ್ನು ಓಡಿಸಿದ ಮೇಲೆ ಬೆಂಕಿಯೂ ನಿಂತಿತು. ಬೆಂಕಿ ಇಲ್ಲದ ತೋಪಿಗೆ ಬಕ್‌ಥಾರ್ನ್ ಬಂತು. ಮಾರ್ಟನ್ ಆರ್ಬೊರೇಟಂನ ಪಶ್ಚಿಮ ಭಾಗದಲ್ಲಿ 1962ರಲ್ಲಿ ರೇ ಶೂಲನ್‌ಬರ್ಗ್ ಶುರು ಮಾಡಿದ ಹುಲ್ಲುಗಾವಲು ಇದೆ. ಹಾಳಾದ ಹೊಲದಲ್ಲಿ ಮತ್ತೆ ಪ್ರೇರಿ ಎಬ್ಬಿಸಿದ ಹಳೆಯ ಪ್ರಯತ್ನಗಳಲ್ಲಿ ಅದೂ ಒಂದು. ಅಲ್ಲಿ ಈಗಲೂ ಲೆಕ್ಕ ಹಾಕಿ ಬೆಂಕಿ ಹಾಕುತ್ತಾರೆ.

ಈ ಮಾತು ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹೊಸದಲ್ಲ. ಅವರ 'ತರಗು ಬೆಂಕಿ' ಇದೇ: ಬೇಸಿಗೆಯ ಮೊದಲಲ್ಲಿ ಒಣಗಿದ ತರಗೆಲೆಗೆ ಹಾಕುವ ಸಣ್ಣ ಬೆಂಕಿ, ಮರ ಸುಡದೆ ಎಳೆ ಪೊದೆಯನ್ನು ಮಾತ್ರ ಸುಡುವಂಥದ್ದು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಬೆಂಕಿ ಅಪರಾಧವಾಯಿತು. ಬ್ರಿಟಿಷರು ತೋಟದ ಅಂದಕ್ಕೆ ಅಂತ 1800ರ ಆಸುಪಾಸಿನಲ್ಲಿ ಕಲ್ಕತ್ತಕ್ಕೆ ತಂದಿದ್ದ ಲಂಟಾನ ಆ ಕಾಡಿನೊಳಗೆ ಹೇಗೆ ತುಂಬಿತು ಅಂತ ಕೇಳಿದರೆ, ಸೋಲಿಗ ಹಿರಿಯರು ತರಗು ಬೆಂಕಿ ನಿಂತಿದ್ದನ್ನು ಮೊದಲ ಕಾರಣವಾಗಿ ಹೇಳ್ತಾರೆ. ಸಂಶೋಧಕರೂ ಅವರ ಮಾತನ್ನು ದಾಖಲಿಸಿದ್ದಾರೆ. ಹತ್ತಿರದ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದೇ ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡಿ ಮಾರುತ್ತಾರೆ. ಅದು ಜಾಣತನ. ಆದರೆ ಕುರ್ಚಿ ಮಾಡಿ ಮುಗಿಸಲಾರದಷ್ಟು ಲಂಟಾನ ಕಾಡಿನಲ್ಲಿದೆ.

ಶಿಕಾಗೋ ಆಗಲಿ ಚಾಮರಾಜನಗರ ಆಗಲಿ, ಹೊರಗಿನ ಗಿಡವನ್ನು ತಂದವರು ಒಬ್ಬರು, ಒಳಗಿನ ಕಾವಲನ್ನು ತೆಗೆದವರು ಇನ್ನೊಬ್ಬರು, ಅಲ್ಲಿದ್ದು ನೆಲ ನೋಡಿಕೊಳ್ಳುತ್ತಿದ್ದವರ ಮಾತಿಗೆ ಬೆಲೆ ಇಲ್ಲ. ಗಿಡಕ್ಕೆ ಮಾತ್ರ ಬೈದರೆ ಈ ಮೂರೂ ಮರೆಯಾಗುತ್ತೆ.

ಒಂದು ಪದದ ಸಲಹೆ

ಆದ್ದರಿಂದ 'ಆಕ್ರಮಣಕಾರಿ ಸಸ್ಯ' ಅನ್ನೋ ಅನುವಾದ ನನಗೆ ಒಪ್ಪಿಗೆ ಇಲ್ಲ. ಅದು ಎಲ್ಟನ್ ಅವರ ಯುದ್ಧವನ್ನು ಕನ್ನಡಕ್ಕೆ ತಂದ ಹಾಗೆ. 'ವಿದೇಶಿ ಸಸ್ಯ'ವೂ ಬೇಡ, ಅದು ಗುಲ್‌ಮೊಹರ್‌ಗೂ ಪಾರ್ಥೇನಿಯಂಗೂ ಒಂದೇ ಚೀಟಿ. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪದ ಆಗಲೇ ಇದೆ: ಒತ್ತುವರಿ. ಕೆರೆ ಒತ್ತುವರಿ, ರಾಜಕಾಲುವೆ ಒತ್ತುವರಿ, ಗೋಮಾಳ ಒತ್ತುವರಿ. ಬೆಂಗಳೂರಿಗೆ ಫೋನ್ ಮಾಡಿದರೆ ವಾರಕ್ಕೊಮ್ಮೆ ಕಿವಿಗೆ ಬೀಳುವ ಪದ. ಒತ್ತುವರಿ ಮಾಡಿದವನು ಎಲ್ಲಿಯವನು ಅಂತ ಯಾರೂ ಮೊದಲು ಕೇಳಲ್ಲ. ಎಷ್ಟು ಗುಂಟೆ, ಯಾರ ಜಾಗ, ಯಾರು ಕಣ್ಣುಮುಚ್ಚಿ ಬಿಟ್ಟರು ಅಂತ ಕೇಳ್ತಾರೆ. ಒತ್ತುವರಿಗೆ ಯಾವಾಗಲೂ ಇನ್ನೊಬ್ಬರ ಸಹಿ ಇರುತ್ತೆ ಅನ್ನೋದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಬಕ್‌ಥಾರ್ನ್ ಹಿಂದೆ ನರ್ಸರಿ, ಪೇರ್ ಮರದ ಹಿಂದೆ ಇಲಾಖೆ.

ಒಂದು ಆಕ್ಷೇಪ ಬರಬಹುದು: ಊರಿನ ಕಳೆಯೂ ಒತ್ತುವರಿ ಮಾಡಬಹುದಲ್ಲ, ಇಲ್ಲಿಯದೇ ಜಿಂಕೆ ಹೆಚ್ಚಾಗಿ ಓಕ್ ಸಸಿ ಮೇಯುತ್ತಲ್ಲ? ಸರಿಯಾದ ಮಾತು. ಅದಕ್ಕೇ ಎರಡು ಪದವೂ ಬೇಕು, ಬೇರೆ ಬೇರೆಯಾಗಿ. ಹೊರಗಿನ ಗಿಡ ಅಂದರೆ ನಾನ್-ನೇಟಿವ್. ಹೊರಗಿನ ಒತ್ತುವರಿ ಗಿಡ ಅಂದರೆ ಇನ್ವೇಸಿವ್. ಮೊದಲ ಪದದಿಂದ ಎಚ್ಚರ, ಎರಡನೆಯದರಿಂದ ಕೆಲಸ.

ಪದದ ಜಗಳ ಯಾಕೆ ಇಷ್ಟು ಮುಖ್ಯ ಅಂದರೆ, ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಶಾಲೆಯಿಂದ ಬಕ್‌ಥಾರ್ನ್ ಕೀಳೋಕೆ ಹೋಗ್ತಾರೆ. ನಾನ್-ನೇಟಿವ್ ಅಂದರೆ ಕೆಟ್ಟದ್ದು ಅಂತ ಕಲಿತು ಬಂದು, "ಹಾಗಾದ್ರೆ ನಾವು?" ಅಂತ ಕೇಳೋ ಮಕ್ಕಳಿದ್ದಾರೆ, ಕೇಳದೆ ಒಳಗೇ ಇಟ್ಟುಕೊಳ್ಳೋ ಮಕ್ಕಳೂ ಇದ್ದಾರೆ. "ಅದೆಲ್ಲ ಗಿಡಕ್ಕೆ ಮಾತ್ರ ಕಣೋ" ಅಂತ ತೇಲಿಸಿದರೆ ಪ್ರಶ್ನೆ ಉಳಿದೇ ಇರುತ್ತೆ. "ಇವರಿಗೆ ಹೊರಗಿನದನ್ನ ಕಂಡರೆ ಆಗಲ್ಲ" ಅಂದರೆ ಓಕ್ ತೋಪಿನ ನಿಜವಾದ ಕಷ್ಟಕ್ಕೆ ಮಗುವಿನ ಕಣ್ಣು ಮುಚ್ಚಿದ ಹಾಗೆ.

ಹೇಳಬೇಕಾದ್ದು ನೇರವಾಗಿದೆ. ಹೊರಗಿನದು ಅನ್ನೋದು ಬೈಗುಳ ಅಲ್ಲ ಮಗಾ, ಪರಂಗಿ ಹಣ್ಣಿನ ಹಾಗೆ ಬರೀ ಒಂದು ಮಾಹಿತಿ. ಬಕ್‌ಥಾರ್ನ್ ಕೀಳೋದು ಅದು ಯುರೋಪಿನದು ಅಂತಲ್ಲ, ಓಕ್ ಸಸಿಗೆ ಬಿಸಿಲು ಬಿಡ್ತಿಲ್ಲ ಅಂತ. ಅದರದ್ದೂ ತಪ್ಪಿಲ್ಲ, ಗಿಡಕ್ಕೆ ಪಾಪ-ಪುಣ್ಯ ಗೊತ್ತಿಲ್ಲ. ಮನುಷ್ಯರಿಗೆ ಗೊತ್ತು, ಅದಕ್ಕೇ ಗಿಡದ ಲೆಕ್ಕವನ್ನು ಮನುಷ್ಯರ ಮೇಲೆ ಯಾವ ಕಡೆಯಿಂದಲೂ ಹಾಕಬಾರದು. ಗಿಡ ತಾನು ಬಂದ ನೆಲವನ್ನು ನೋಡಿ ಕಲಿಯಲ್ಲ, ಮನುಷ್ಯ ಕಲೀತಾನೆ. ಶಿಕಾಗೋದ ಉದ್ಯಾನಗಳಲ್ಲಿ ಇಲ್ಲಿನ ಗಿಡಗಳನ್ನೇ ನೆಡಬೇಕು ಅಂತ ಹೊರಟ ಜೆನ್ಸ್ ಜೆನ್ಸನ್ 1884ರಲ್ಲಿ ಡೆನ್ಮಾರ್ಕ್‌ನಿಂದ ವಲಸೆ ಬಂದವರು. ಪ್ರೇರಿ ಹುಲ್ಲಿನ ಪರವಾಗಿ ಮಾತಾಡೋಕೆ ಪ್ರೇರಿಯಲ್ಲೇ ಹುಟ್ಟಬೇಕು ಅಂತ ಅವರಿಗೆ ಯಾರೂ ಹೇಳಲಿಲ್ಲ.

ನಮ್ಮ ಪಾಲಿಗೆ ಬರೋ ಕೆಲಸ ಸಣ್ಣದು. ಊರಿಂದ ಬರುವಾಗ ಬೀಜ, ಬೇರು, ಮಣ್ಣು ಕದ್ದು ತರಬೇಡಿ. ನೆಡುವ ಮೊದಲು ಇಲ್ಲಿಗೆ ಹೇಗೆ ಅಂತ ಕೇಳಿ. ಹಿತ್ತಲ ಬೇಲಿಯಲ್ಲಿ ಬಕ್‌ಥಾರ್ನ್ ಇದ್ದರೆ, ಹಣ್ಣಾಗುವ ಮೊದಲೇ ಕಡಿದು ಬುಡಕ್ಕೆ ಔಷಧ ಹಚ್ಚಿ. ತೊಂಡೆ ಕುಂಡವನ್ನು ಮಾತ್ರ ಧೈರ್ಯವಾಗಿ ಬಿಸಿಲಿಗೆ ಇಡಿ, ಹವಾಯಿಗೆ ಮನೆ ಬದಲಾಯಿಸುವ ತನಕ.